ಪುಣೆಯಲ್ಲಿ ಕೂತು ಸಮುದ್ರ ಮಾರಿದ್ದು

ಪುಣೆಯಲ್ಲಿ ಸಮುದ್ರ ಇಲ್ಲ. ಇದ್ದಿದ್ದರೆ ನನಗೆ ಈ ಕೆಲಸ ಸಿಗುತ್ತಿರಲಿಲ್ಲ. ಸಮುದ್ರವನ್ನು ದಿನಾ ನೋಡುವ ಊರಿನವರು ಅದನ್ನು ನೋಡಲು ದುಡ್ಡು ಕೊಡುವುದಿಲ್ಲ. ಮುಠಾ ಹೊಳೆಯ ಸೇತುವೆ ದಾಟುವಾಗ ಮೂಗು ಮುಚ್ಚಿಕೊಳ್ಳುವವರು ಕೊಡುತ್ತಾರೆ. ಅಂಥವರಿಗೆ, ಅವರ ಮಕ್ಕಳಿಗೆ ಸರಿಹೊಂದುವ ಕಡಲತೀರ ಆರಿಸಿಕೊಡುವುದೇ ನನ್ನ ಉದ್ಯೋಗವಾಗಿತ್ತು. ಈಗ ನಿವೃತ್ತಳಾಗಿದ್ದೇನೆ. ಇದೇ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಆಗಾಗ ಫೋನ್ ಮಾಡಿ, "ಮೇಡಂ, ಮಕ್ಕಳಿಗೆ ಬೆಸ್ಟ್ ಬೀಚ್ ಯಾವುದು?" ಎಂದು ಕೇಳುತ್ತಾರೆ. ಉತ್ತರ ಅವರಿಗೆ ಒಂದೇ ಸಾಲಿನಲ್ಲಿ ಬೇಕು, ರಿಕ್ಷಾ ಬಂದು ನಿಲ್ಲುವುದರೊಳಗೆ. ಅಷ್ಟು ಬೇಗ ಹೇಳಿ ಮುಗಿಸುವಂಥದ್ದು ನನ್ನ ಹತ್ತಿರ ಇಲ್ಲದ್ದರಿಂದ ಬರೆಯಲು ಕೂತಿದ್ದೇನೆ. ಯಾವಾಗ ಬಡ್ತಿ ಸಿಕ್ಕಿತು, ಏನು ಹುದ್ದೆ ಎಂಬುದನ್ನೆಲ್ಲ ಬಿಟ್ಟಿದ್ದೇನೆ. ನಮ್ಮ ಆಫೀಸಿನಲ್ಲಿ ಬಡ್ತಿ ಅಂದರೆ ಫ್ಯಾನಿನ ಕೆಳಗಿನ ಕುರ್ಚಿ. ಅದು ನನಗೆ ಸಿಗುವ ಹೊತ್ತಿಗೆ ಎ.ಸಿ. ಬಂದು, ಆ ಕುರ್ಚಿಗೆ ಯಾವ ಬೆಲೆಯೂ ಉಳಿದಿರಲಿಲ್ಲ.

ನಮ್ಮ ಮಾಲೀಕರನ್ನು ಎಲ್ಲರೂ ಅಣ್ಣಾಸಾಹೇಬರು ಎನ್ನುತ್ತಿದ್ದರು. ಬೆಳಗಾವಿ ಕಡೆಯವರು. ಮೊದಲು ಪಂಢರಪುರ, ತುಳಜಾಪುರ, ಗಾಣಗಾಪುರ ಎಂದು ಯಾತ್ರೆಯ ಬಸ್ಸು ಬಿಡುತ್ತಿದ್ದರು. ಯಾತ್ರೆಗೆ ಬರುವವರಿಗೆ ವಯಸ್ಸಾಗಿ, ಅವರ ಮಕ್ಕಳು ದೇವರಿಗಿಂತ ರಜೆಯನ್ನು ಹೆಚ್ಚು ನಂಬತೊಡಗಿದಾಗ, ಅದೇ ಬಸ್ಸುಗಳನ್ನು ಕೊಂಕಣದ ಕಡೆ ತಿರುಗಿಸಿದರು. ಬಸ್ಸಿನ ಮುಂದಿದ್ದ ವಿಠ್ಠಲನ ಪಟ ಹಾಗೆಯೇ ಉಳಿಯಿತು. ಹಿಂದುಗಡೆ ಮಾತ್ರ ಒಂದು ಡಾಲ್ಫಿನ್ ಬರೆಸಿದರು. ಬರೆದವನು ಡಾಲ್ಫಿನ್ ನೋಡಿದವನಲ್ಲ. ಅದಕ್ಕೆ ಮೀಸೆ ಇತ್ತು.

ನಾನು ಧಾರವಾಡದವಳು. ಮದುವೆಯಾಗಿ ಪುಣೆಗೆ ಬಂದು, ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ ಅವರ ಆಫೀಸಿನಲ್ಲಿ ಟೈಪಿಂಗ್ ಮಾಡುತ್ತಿದ್ದೆ. ಒಂದು ಬೆಳಿಗ್ಗೆ ಒಳಗೆ ಕರೆದರು.

"ವಿಜಯಾಬಾಯಿ, ನಿಮಗ ಮಕ್ಕಳು ಅದಾರಲ್ಲ?"

"ಇಬ್ಬರು ಅದಾರ್ರಿ."

"ಹಂಗಾದ್ರ ಇನ್ನ ಮ್ಯಾಲ ಸಮುದ್ರ ನೀವ ಆರಸ್ರಿ."

"ನಾ ಸಮುದ್ರ ಒಮ್ಮೆನೂ ನೋಡಿಲ್ರಿ, ಸಾಹೇಬ್ರ."

"ಛಲೋ ಆತು. ನಮ್ಮ ಗಿರಾಕಿನೂ ನೋಡಿರೂದಿಲ್ಲ."

ಈ ಉದ್ಯೋಗಕ್ಕೆ ನನಗೆ ಸಿಕ್ಕ ತರಬೇತಿ ಇಷ್ಟೇ. ಅಣ್ಣಾಸಾಹೇಬರು ಸ್ವತಃ ನೀರಿಗೆ ಹೆದರುವವರು. ಕೃಷ್ಣಾ ಹೊಳೆಯ ಸೇತುವೆ ದಾಟುವಾಗ ಕಾರಿನಲ್ಲಿ ಕಣ್ಣು ಮುಚ್ಚಿಕೊಳ್ಳುತ್ತಿದ್ದರು ಎಂದು ಡ್ರೈವರ್ ಮಲ್ಲಪ್ಪ ಹೇಳುತ್ತಿದ್ದ. ಸಮುದ್ರದ ಬಗ್ಗೆ ಅವರ ಅಭಿಪ್ರಾಯ ಸರಳವಾಗಿತ್ತು: "ಎಲ್ಲಾ ಒಂದ ಅಲ್ಲೇನ್ರಿ? ಉಪ್ಪುನೀರು. ಒಂದ ಕಡೆ ಹೋಟೆಲ್ ಛಲೋ ಇರತದ, ಇನ್ನೊಂದ ಕಡೆ ಇರೂದಿಲ್ಲ."

ಸ್ವಾರಗೇಟಿನಿಂದ ಕೆಂಪು ಬಸ್ಸು ಹತ್ತಿ, ಭೋರ್ ದಾಟಿ, ಘಾಟಿನ ತಿರುವುಗಳಲ್ಲಿ ಹೊಟ್ಟೆಯಲ್ಲಿದ್ದ ಅವಲಕ್ಕಿಯನ್ನೆಲ್ಲ ಕಿಟಕಿಯ ಆಚೆ ಬಿಟ್ಟು, ನಾನು ಮೊದಲ ಸಲ ಸಮುದ್ರದ ಎದುರು ನಿಂತೆ. ಸಮುದ್ರ ಕಂಡಾಗ ಜನರಿಗೆ ಕವಿತೆ ಹೊಳೆಯುತ್ತದಂತೆ. ಇಷ್ಟೊಂದು ಮರಳನ್ನು ಮಕ್ಕಳ ಚಡ್ಡಿಯಿಂದ ಯಾರು ತೆಗೆಯಬೇಕು ಎಂಬುದು ನನಗೆ ಹೊಳೆಯಿತು. ಈಗ ಯೋಚಿಸಿದರೆ, ನನ್ನ ಇಡೀ ವೃತ್ತಿಗೆ ಅಡಿಪಾಯ ಬಿದ್ದದ್ದು ಆ ಕ್ಷಣದಲ್ಲೇ. ಚಪ್ಪಲಿ ಬಿಟ್ಟು, ಸೀರೆ ಎತ್ತಿ ಕಟ್ಟಿ, ನೀರಿನಲ್ಲಿ ನಡೆದು ನೋಡಿದೆ. ಕಾಲ ಕೆಳಗಿನ ನೆಲ ಮೆಲ್ಲಗೆ ಇಳಿಯುತ್ತದೆಯೋ, ತಟಕ್ಕನೆ ಇಳಿಯುತ್ತದೆಯೋ? ಸಿಹಿನೀರಿನ ನಲ್ಲಿ ಎಲ್ಲಿದೆ? ಮಧ್ಯಾಹ್ನ ನೆರಳು ಎಲ್ಲಿ ಬೀಳುತ್ತದೆ? ದಂಡೆಯ ಮೇಲೆ ಮೋಟರ್‌ಸೈಕಲ್ ಓಡಿಸುವ ವೀರರು ಇದ್ದಾರೋ ಹೇಗೆ? ಎಲ್ಲಕ್ಕಿಂತ ಮುಖ್ಯವಾಗಿ, ಕಕ್ಕಸು ಎಷ್ಟು ದೂರ?

ಇದನ್ನೆಲ್ಲ ಬರೆದುಕೊಟ್ಟರೆ ಅಣ್ಣಾಸಾಹೇಬರು ಜಾಹೀರಾತಿನ ಭಾಷೆಗೆ ತಿರುಗಿಸುತ್ತಿದ್ದರು. ನಾನು "ನೀರು ಮೊಳಕಾಲಿನಷ್ಟು" ಎಂದರೆ ಅದು "ಶಾಂತಸಾಗರ" ಆಗುತ್ತಿತ್ತು. "ನೆರಳಿಲ್ಲ" ಎಂದದ್ದು "ಸೂರ್ಯನ ಸಾನ್ನಿಧ್ಯ". "ಕಕ್ಕಸು ಇಲ್ಲವೇ ಇಲ್ಲ" ಎಂದು ಅಡಿಗೆರೆ ಹಾಕಿ ಬರೆದದ್ದು ಒಮ್ಮೆ "ನಿಸರ್ಗದ ಮಡಿಲಲ್ಲಿ ಸಂಪೂರ್ಣ ಸ್ವಾತಂತ್ರ್ಯ" ಎಂದು ಅಚ್ಚಾಗಿ ಬಂತು. ಸುಳ್ಳು ಎನ್ನುವಂತಿರಲಿಲ್ಲ.

ಗಿರಾಕಿಗಳಲ್ಲಿ ಮರೆಯಲಾಗದವರು ಗಂಗಾಬಾಯಿ. ಪುಣೆಯ ಕೊಥ್ರೂಡದಲ್ಲಿ ಮನೆ, ಮೂಲ ಹುಬ್ಬಳ್ಳಿ ಕಡೆ. ಮಗ, ಸೊಸೆ, ಮೊಮ್ಮಕ್ಕಳ ಜೊತೆ ಸಮುದ್ರಕ್ಕೆ ಹೊರಟವರು ಸ್ಟೋವು, ಕುಕ್ಕರು, ಲಟ್ಟಣಿಗೆ, ಮಣೆ ಎಲ್ಲ ಕಟ್ಟಿಕೊಂಡು ಬಂದರು. ಹೋಟೆಲಿನ ವರಾಂಡದಲ್ಲಿ ಸಮುದ್ರಕ್ಕೆ ಬೆನ್ನು ಹಾಕಿ ಕೂತರು, ಗಾಳಿಗೆ ಸ್ಟೋವು ಆರುತ್ತದೆ ಎಂದು. ಇದ್ದಷ್ಟೂ ದಿನ ಚಪಾತಿ ಲಟ್ಟಿಸಿದರು. ಅಲ್ಲಿಂದ ಹೊರಡುವ ಮುನ್ನಾದಿನ, ತಂಡದ ಜೊತೆ ಹೋಗಿದ್ದ ನನ್ನನ್ನು ಹತ್ತಿರ ಕರೆದರು.

"ಎಲ್ಲಾ ಛಲೋ ಅದ ರೀ ವಿಜಯಾ. ಆದ್ರ ಒಂದು ಮಾತು ಹೇಳ್ಲೇನು? ಆ ಸಪ್ಪಳ ಭಾಳ ಆತು. ರಾತ್ರಿ ಪೂರ್ತಿ ಧೊಪ್ಪ ಧೊಪ್ಪ ಅಂತದ. ಹೋಟೆಲಿನಾಂವಗ ಹೇಳಿ ಸ್ವಲ್ಪ ಕಡಿಮಿ ಮಾಡಸ್ರಿ."

"ಅದು ಸಮುದ್ರದ್ದ ರೀ, ಅಜ್ಜಿ."

"ಅದು ನನಗೂ ಗೊತ್ತದ. ಅದಕ್ಕ ಕೇಳೂದು. ನೀವ ಆರಿಸಿದ ಸಮುದ್ರ ಅಲ್ಲೇನು?"

ಮರುವರ್ಷ ಅವರಿಗೆ ಅಲೆಯ ಸದ್ದು ಕಡಿಮೆ ಇರುವ ಒಂದು ಕೊಲ್ಲಿ ಹುಡುಕಿಕೊಟ್ಟೆ. ಅಲ್ಲಿ ಮೀನಿನ ವಾಸನೆ ಇತ್ತು. ಅದನ್ನೂ ಕಡಿಮೆ ಮಾಡಿಸಲು ಹೇಳಿದರು.

ಇನ್ನೊಬ್ಬರು ಬ್ಯಾಂಕಿನ ಅಧಿಕಾರಿ. ಹೆಂಡತಿ, ಮಕ್ಕಳನ್ನು ಕರೆದುಕೊಂಡು, ನಾನು ತುಂಬ ಹುಡುಕಿ ಆರಿಸಿದ ಒಂದು ಚಪ್ಪಟೆ ತೀರಕ್ಕೆ ಹೋದರು. ನೆಲ ಅಲ್ಲಿ ಎಷ್ಟು ಸಮವಾಗಿತ್ತೆಂದರೆ ಸಣ್ಣ ಮಕ್ಕಳು ಎಷ್ಟು ದೂರ ಓಡಿದರೂ ನೀರು ಮೊಳಕಾಲು ದಾಟುತ್ತಿರಲಿಲ್ಲ. ಅಂಥ ತೀರದಲ್ಲಿ ಇಳಿತದ ಹೊತ್ತಿಗೆ ಸಮುದ್ರ ಹಿಂದೆ ಹಿಂದೆ ಸರಿದು, ಕಣ್ಣು ಕಿರಿದು ಮಾಡಿ ಹುಡುಕುವಷ್ಟು ದೂರ ಹೋಗುತ್ತದೆ. ಅಧಿಕಾರಿಗಳು ಬೆಳಿಗ್ಗೆ ಎದ್ದು ಬಾಗಿಲು ತೆರೆದರೆ ಎದುರಿಗೆ ಬರೀ ಕೆಸರು, ಏಡಿ. ಆಫೀಸಿಗೆ ಫೋನು ಬಂತು. ಅಣ್ಣಾಸಾಹೇಬರೇ ಎತ್ತಿಕೊಂಡರು. ಆ ಕಡೆಯ ಕೂಗು ನನ್ನ ಮೇಜಿನವರೆಗೂ ಕೇಳುತ್ತಿತ್ತು.

"ನೀವು ತೋರಿಸಿದ ಸಮುದ್ರ ಇಲ್ಲಿ ಇಲ್ಲ! ನಿನ್ನಿ ಸಂಜಿಗೆ ಇತ್ತು. ಈಗ ಇಲ್ಲ! ಇದು ಮೋಸ!"

ಉಬ್ಬರ, ಇಳಿತ ಎಂದು ನಾನು ಕೈಯಲ್ಲಿ ಸನ್ನೆ ಮಾಡಿ ತೋರಿಸಿದೆ. ಅಣ್ಣಾಸಾಹೇಬರಿಗೆ ಅದು ಅರ್ಥವಾಗಲಿಲ್ಲ, ಅಥವಾ ಅರ್ಥವಾಗಿಯೂ ಬೇಡವೆನಿಸಿತು. ಬಹಳ ಗಂಭೀರವಾಗಿ, "ತಪ್ಪ ಆತ್ರಿ ಸಾಹೇಬ್ರ. ಚೌಕಶಿ ಮಾಡಸ್ತೀನಿ. ಸಂಜಿ ಚಹಾದ ಹೊತ್ತಿಗೆ ತರಸ್ತೀವಿ" ಎಂದರು. ಸಂಜೆ ಮತ್ತೆ ಫೋನು. ಅಧಿಕಾರಿಗಳ ದನಿಯಲ್ಲಿ ಬೆಣ್ಣೆ. "ಬಂತ್ರಿ. ಥ್ಯಾಂಕ್ಯೂ. ಸರ್ವಿಸ್ ಅಂದ್ರ ಹಿಂಗಿರಬೇಕು ನೋಡ್ರಿ." ಆಮೇಲೆ ಅವರು ತಮ್ಮ ಬ್ಯಾಂಕಿನವರನ್ನೆಲ್ಲ ನಮ್ಮಲ್ಲಿಗೇ ಕಳಿಸಿದರು.

ಈ ವೃತ್ತಿಯಲ್ಲಿ ಮಕ್ಕಳ ಹೆಸರು ಹೇಳಿಕೊಂಡು ಬದುಕಿದವಳು ನಾನು. ಆದರೆ ಮಕ್ಕಳು ಏನು ಬಯಸುತ್ತಾರೆ ಎಂದು ಕೇಳಿದ ಗಿರಾಕಿ ಅಪರೂಪ. ಅಪ್ಪನಿಗೆ ಮೀನು ಬೇಕು, ಅಮ್ಮನಿಗೆ ಅಡುಗೆಮನೆ ಇಲ್ಲದ ಜಾಗ ಬೇಕು, ಅಜ್ಜನಿಗೆ ಹತ್ತಿರದಲ್ಲಿ ಗುಡಿ ಬೇಕು. ಎಲ್ಲವನ್ನೂ ಕೇಳಿ ಮುಗಿಸಿ ಕೊನೆಗೆ "ಮಕ್ಕಳಿಗೋಸ್ಕರ ಹೋಗೋದು, ಮೇಡಂ" ಎನ್ನುತ್ತಾರೆ. ಮಕ್ಕಳಿಗೋ, ಬಕೆಟ್ಟಿನಷ್ಟು ಸಮುದ್ರ ಸಾಕು. ನಾನು ನಾಲ್ಕು ಊರು ಸುತ್ತಿ ಆರಿಸಿದ ಒಂದು ಅಪ್ಪಟ ತೀರದಲ್ಲಿ, ಒಂದು ಹುಡುಗಿ ರಜೆಯನ್ನೆಲ್ಲ ಹೋಟೆಲಿನ ಹಿತ್ತಿಲಲ್ಲಿ ಕಳೆದಳು. ಅಲ್ಲಿ ಬೆಕ್ಕು ಮರಿ ಹಾಕಿತ್ತು. ಅವಳಪ್ಪ ಊರಿಗೆ ಮರಳಿ ಬಂದು ಆಫೀಸಿನಲ್ಲಿ ಜಗಳ ತೆಗೆದರು: "ಬೆಕ್ಕು ನೋಡಲಿಕ್ಕೆ ಅಲ್ಲೀ ತನಕ ಹೋಗಬೇಕಾಗಿತ್ತೇನ್ರಿ?" ಹುಡುಗಿ ಮಾತ್ರ ಅವರ ಪಕ್ಕದಲ್ಲೇ ನಿಂತು, ಮುಂದಿನ ಸಲವೂ ಅದೇ ಸಮುದ್ರ ಬೇಕು ಎಂದಳು.

ಕಾಲ ಬದಲಾಯಿತು. ಮೊದಲು ಆಲ್ಬಂ ಇತ್ತು. ಗಿರಾಕಿ ಪುಟ ತಿರುಗಿಸಿ ಬೆರಳಿಟ್ಟ ಕಡೆ ಕಳಿಸುತ್ತಿದ್ದೆವು. ಆಮೇಲೆ ಕಂಪ್ಯೂಟರಿನಲ್ಲಿ ಚಿತ್ರ. ಆಮೇಲೆ ನಕ್ಷತ್ರಗಳು ಬಂದವು. ಸಮುದ್ರಕ್ಕೇ ನಕ್ಷತ್ರ ಕೊಡತೊಡಗಿದರು. "ನೀರು ಉಪ್ಪು" ಎಂದು ಬರೆದು ಒಬ್ಬ ಮಹಾನುಭಾವ ಎರಡೇ ನಕ್ಷತ್ರ ಕೊಟ್ಟಿದ್ದ. ಕಡೆಗೆ ಡ್ರೋನ್ ಬಂತು. ಡ್ರೋನಿನ ಜೊತೆಗೇ ಅಣ್ಣಾಸಾಹೇಬರ ಅಳಿಯ ನಿಖಿಲ್ ಬಂದರು.

ನಿಖಿಲ್ ಬೆಂಗಳೂರಿನಲ್ಲಿ ಬೆಳೆದವರು. ಒಳ್ಳೆಯ ಮನುಷ್ಯ, ಯಾರಿಗೂ ದನಿಯೇರಿಸಿ ಮಾತಾಡಿದವರಲ್ಲ. ಬೈಯಬೇಕಾದಾಗ ಇಂಗ್ಲಿಷಿನಲ್ಲಿ ಹೊಗಳುತ್ತಿದ್ದರು. ಅಣ್ಣಾಸಾಹೇಬರಿಗೆ ಕಣ್ಣು ಮಂಜಾದ ಮೇಲೆ ಕಂಪನಿ ಇವರ ಕೈಗೆ ಬಂತು. ನನ್ನ ವರದಿಯನ್ನು ಮೊದಲ ಸಲ ಓದಿ ಮೇಜಿನ ಮೇಲಿಟ್ಟು, ನಕ್ಕರು.

"ವಿಜಯಾ ಮೇಡಂ, ಯು ಆರ್ ಅಮೇಜಿಂಗ್. ಆದ್ರೆ ಟ್ರಾವೆಲ್ ಅಂದ್ರೆ ಎಕ್ಸ್‌ಪೀರಿಯನ್ಸ್. ನಲ್ಲಿ ಎಲ್ಲಿದೆ, ಟಾಯ್ಲೆಟ್ ಎಲ್ಲಿದೆ ಅನ್ನೋದು ಎಕ್ಸ್‌ಪೀರಿಯನ್ಸ್ ಅಲ್ಲ."

"ಸಿಗದಾಗ ಆಗ್ತದಲ್ರಿ ಸರ್, ಅದಕ್ಕಿಂತ ದೊಡ್ಡ ಎಕ್ಸ್‌ಪೀರಿಯನ್ಸ್ ಇಲ್ಲ ನೋಡ್ರಿ."

ಅವರು ಮತ್ತೊಮ್ಮೆ ಅಮೇಜಿಂಗ್ ಎಂದರು. ಅಂದಿನಿಂದ ತೀರಗಳನ್ನು ಆಕಾಶದಿಂದ ಆರಿಸುವ ಪದ್ಧತಿ ಶುರುವಾಯಿತು. ಮೇಲಿನಿಂದ ನೋಡಿದರೆ ಯಾವ ತೀರದಲ್ಲೂ ನಾಯಿ ಕಾಣುವುದಿಲ್ಲ, ಒಡೆದ ಬಾಟಲಿ ಕಾಣುವುದಿಲ್ಲ, ಆಳವೂ ಕಾಣುವುದಿಲ್ಲ. ನೀಲಿ ಕಾಣುತ್ತದೆ, ಬಿಳಿ ಕಾಣುತ್ತದೆ, ಅಷ್ಟೇ. ಹಾಗೆ ಕಂಡದ್ದರಲ್ಲಿ ಅವರ ಕಣ್ಣು ಒಂದು ಜಾಗದ ಮೇಲೆ ಬಿತ್ತು. ಅದರ ಹೆಸರು ಇಲ್ಲಿ ಬರೆಯುವುದಿಲ್ಲ, ಜಾಗದ್ದೇನೂ ತಪ್ಪಿಲ್ಲ. ಹೊಳೆಯೊಂದು ಸಮುದ್ರ ಸೇರುವ ಕಡೆ, ಹೊಳೆಗೂ ಕಡಲಿಗೂ ನಡುವೆ ನಾಲಗೆಯಂತೆ ಚಾಚಿದ ಬಿಳಿ ಮರಳಿನ ದಂಡೆ. ಸುತ್ತ ಒಬ್ಬ ಮನುಷ್ಯನೂ ಇಲ್ಲ.

ನಾನು ಮಲ್ಲಪ್ಪನ ಜೊತೆ ಹೋಗಿ ನೋಡಿ ಬಂದೆ. ಮಲ್ಲಪ್ಪ ಯಾದಗಿರಿ ಕಡೆಯವನು, ಪುಣೆಯ ಯೆರವಡಾದಲ್ಲಿ ಮನೆ ಮಾಡಿಕೊಂಡಿದ್ದ. ಮರಳು ಸಕ್ಕರೆಯ ಹಾಗಿತ್ತು. ಆದರೆ ಹೊಳೆಯ ಕಡೆಯ ನೀರು ಕಂಡು ಇಳಿಯಲು ನನ್ನ ಕಾಲೇ ಬರಲಿಲ್ಲ. ಕೋಲು ಬಿಟ್ಟು ನೋಡಿದರೆ ನೆಲ ಸಿಗಲಿಲ್ಲ. ಊರಿನ ಒಂದು ಮಗುವೂ ಅಲ್ಲಿ ಆಡುತ್ತಿರಲಿಲ್ಲ. ಚಹಾದ ಅಂಗಡಿಯವನನ್ನು ಮರಾಠಿಯಲ್ಲಿ ಕೇಳಿದೆ. ಫೋಟೋ ತೆಗೆಯಲು ಜನ ಬರುತ್ತಾರೆ, ಸ್ನಾನಕ್ಕೆ ಯಾರೂ ಬರುವುದಿಲ್ಲ ಎಂದ.

"ಹೆಂಗನಸ್ತದ ಮಲ್ಲಪ್ಪ?" ಎಂದೆ.

"ಛಂದ ಅದ ರೀ ಅಕ್ಕಾರ. ದೂರದಿಂದ."

"ಮಕ್ಕಳಿಗೆ ಬೇಡ" ಎಂದು ಬರೆದುಕೊಟ್ಟೆ. ನಿಖಿಲ್ ಓದಿದರು.

"ಅಲ್ಲಿ ಯಾರೂ ಇಲ್ಲ ಅಂತ ಬರ್ದಿದೀರಿ. ಮೇಡಂ, ಅದೇ ನಮ್ಮ ಸೆಲ್ಲಿಂಗ್ ಪಾಯಿಂಟು!"

ಮಾತು ಅಣ್ಣಾಸಾಹೇಬರ ತನಕ ಹೋಯಿತು. ಅವರು ಒಂದು ಕಡೆ ಅಳಿಯನ ಮರ್ಯಾದೆ, ಇನ್ನೊಂದು ಕಡೆ ನನ್ನ ಮುಖ ನೋಡಿ, ಇಬ್ಬರಿಗೂ ಸಲ್ಲುವ ತೀರ್ಪು ಕೊಟ್ಟರು: "ಮಕ್ಕಳನ್ನ ನೀರಿಗೆ ಬಿಡಬ್ಯಾಡ್ರಿ, ದಂಡಿ ಮ್ಯಾಲ ಆಡ್ಲಿ. ವಿಜಯಾಬಾಯಿ, ನೀವೂ ಕೂಡ ಹೋಗ್ರಿ." ನನಗೂ ಅದು ಸರಿಯೆನಿಸಿತು. ನನ್ನ ಹೆದರಿಕೆಯೆಲ್ಲ ನೀರಿನದು. ದಂಡೆಯ ಬಗ್ಗೆ ಯಾರೂ ಯೋಚಿಸಿರಲಿಲ್ಲ, ನಾನೂ ಕೂಡ.

ಮೊದಲ ತಂಡದ ಜೊತೆ ನಿಖಿಲ್ ತಾವೇ ಹೊರಟರು. ಹೆಂಡತಿ ಅಂಕಿತಾ, ಅಂದರೆ ಅಣ್ಣಾಸಾಹೇಬರ ಮಗಳು, ಮತ್ತು ಒಂದನೇ ಇಯತ್ತೆಯಲ್ಲಿದ್ದ ಅವರ ಮಗಳು ಸಾನ್ವಿ ಕೂಡ ಬಂದರು. ಮಿಕ್ಕವರು ಪುಣೆಯ ಐದಾರು ಕುಟುಂಬಗಳು. ಎಲ್ಲರೂ ಬಿಳಿ ಬಟ್ಟೆ ತರಬೇಕೆಂದು ಮೊದಲೇ ತಿಳಿಸಲಾಗಿತ್ತು, ಏಕೆಂದರೆ ಅಲ್ಲಿ ತೆಗೆಯುವ ಫೋಟೋ ಮುಂದಿನ ಹಂಗಾಮಿನ ಜಾಹೀರಾತಿಗೆ ಹೋಗಬೇಕಿತ್ತು. ಮಕ್ಕಳಿಗೆ ಬಿಳಿ ಬಟ್ಟೆ ತೊಡಿಸಿ ಸಮುದ್ರಕ್ಕೆ ಕರೆದೊಯ್ದವರು ಮಕ್ಕಳನ್ನೂ ಕಂಡಿಲ್ಲ, ಸಮುದ್ರವನ್ನೂ ಕಂಡಿಲ್ಲ ಎಂಬುದು ನನ್ನ ಅಭಿಪ್ರಾಯ. ದಿನವಿಡೀ ತಾಯಂದಿರು "ಕೂಡಬ್ಯಾಡ, ಹೊಲಸಾಗ್ತದ", "ಓಡಬ್ಯಾಡ, ಬೆವರತೀ" ಎಂದು ಕೂಗುತ್ತಲೇ ಇದ್ದರು. ಮರಳಿನ ಮೇಲೆ ಮಕ್ಕಳು ಮದುವೆಗೆ ಬಂದ ಬೀಗರಂತೆ ನಿಂತಿದ್ದರು.

ಸಂಜೆಯಾಯಿತು. ಹತ್ತಿರದ ಊರಿನಿಂದ ಟೆಂಪೋದಲ್ಲಿ ಒಂದು ಬಿಳಿ ಸೋಫಾ ಬಂತು. ಹೌದು, ಸೋಫಾ. ಬಾಡಿಗೆಯದು, ಬಂಗಾರದ ಬಣ್ಣದ ಕಾಲಿನದು, ಮದುವೆಯಲ್ಲಿ ಗಂಡು ಹೆಣ್ಣನ್ನು ಕೂಡಿಸುವಂಥದು. ಅದನ್ನು ದಂಡೆಯ ತುದಿಯಲ್ಲಿ, ಹೊಳೆ ಕಡಲು ಸೇರುವ ಬಾಯಿಗೆ ಬೆನ್ನಾಗುವಂತೆ ಇಟ್ಟರು. ಹಿಂದೆ ಸೂರ್ಯ, ನೀರು, ಮುಂದೆ ಮಕ್ಕಳು. ಮಕ್ಕಳನ್ನೆಲ್ಲ ಸೋಫಾದ ಮೇಲೆ, ಅದರ ಕೈಗಳ ಮೇಲೆ ಜೋಡಿಸಿ ಕೂಡಿಸಿದರು. ನಡುವೆ ಸಾನ್ವಿ. ಫೋಟೋದವನು ಕ್ಯಾಮೆರಾ ಕಾಲೂರಿಸಿ ನಿಂತ. ನಿಖಿಲ್ ತಮ್ಮ ಮೊಬೈಲಿನಲ್ಲಿ ವಿಡಿಯೋ ಶುರುಮಾಡಿದರು. ಅಪ್ಪ ಅಮ್ಮಂದಿರು ಕ್ಯಾಮೆರಾದ ಹಿಂದೆ ಗುಂಪಾಗಿ, ಮಕ್ಕಳನ್ನು ನಗಿಸಲು ಕೋತಿಯ ಹಾಗೆ, ನಾಯಿಯ ಹಾಗೆ ಮುಖ ಮಾಡುತ್ತಿದ್ದರು. ಮಕ್ಕಳು ಗಾಬರಿಯಿಂದ ನೋಡುತ್ತಿದ್ದರು. ಇಷ್ಟು ವರ್ಷದ ಅನುಭವಿಯಾದ ನನಗೆ ಟವೆಲ್ಲು, ನೀರಿನ ಬಾಟಲಿ ಹಿಡಿದು ನಿಲ್ಲುವ ಕೆಲಸ ಕೊಟ್ಟಿದ್ದರು.

ಸಾನ್ವಿ ಕಾಲು ಹೆಣೆದುಕೊಂಡದ್ದು ಕಂಡಿತು.

"ಪಪ್ಪಾ, ಸೂಸೂ."

"ಟೂ ಮಿನಿಟ್ಸ್ ಕಂದಾ. ಈ ಲೈಟ್ ಮತ್ತೆ ಸಿಗಲ್ಲ."

"ಮಮ್ಮಾ..."

"ತಡ್ಕೋ ಪುಟ್ಟಾ. ಸ್ಮೈಲ್ ಮಾಡು," ಎಂದರು ಅಂಕಿತಾ.

ಹುಡುಗಿ ನನ್ನ ಕಡೆ ನೋಡಿದಳು. "ಅಜ್ಜೀ..."

ನನಗೆ ಯಾವ ಸೂಚನೆಯೂ ಸಿಕ್ಕಿರಲಿಲ್ಲ. ನೆಲ ನಡುಗಲಿಲ್ಲ, ಮನಸ್ಸು ಏನೂ ಹೇಳಲಿಲ್ಲ. ನನ್ನ ಕಣ್ಣಿಗೆ ಬಿದ್ದದ್ದು ಬಿಳಿ ಫ್ರಾಕು, ಬಿಳಿ ಸೋಫಾ, ಮತ್ತು ಇನ್ನು ಸ್ವಲ್ಪ ಹೊತ್ತಿಗೆ ಆಗಲಿರುವ ಅನಾಹುತ. ಟವೆಲ್ಲು ಕೆಳಗೆ ಹಾಕಿ ಕ್ಯಾಮೆರಾದ ಮುಂದಿನಿಂದಲೇ ನಡೆದು ಹೋಗಿ ಹುಡುಗಿಯನ್ನು ಎತ್ತಿಕೊಂಡೆ. ಮಕ್ಕಳ ವಿಷಯದಲ್ಲಿ ಒಂದು ಮಾತು ಎಲ್ಲ ತಾಯಂದಿರಿಗೂ ಗೊತ್ತು. ಒಬ್ಬರಿಗೆ ಬಂತೆಂದರೆ ಎಲ್ಲರಿಗೂ ಬರುತ್ತದೆ. ಒಂದು ಹುಡುಗ, "ನನಗೂ" ಎಂದು ಇಳಿದ. ಮತ್ತೊಬ್ಬಳು ಇಳಿದಳು. ಕ್ಷಣದಲ್ಲಿ ಸೋಫಾ ಖಾಲಿ. ನನ್ನ ಹಿಂದೆ ಬಿಳಿ ಬಟ್ಟೆಯ ಮೆರವಣಿಗೆ.

ಆ ದಂಡೆಯಲ್ಲಿ ಕಕ್ಕಸು ಇರಲಿಲ್ಲ, ವರದಿಯಲ್ಲಿ ಬರೆದೇ ಇದ್ದೆ. ಹಿಂದಿನ ಗಾಳಿಮರಗಳ ತೋಪಿಗೇ ಹೋಗಬೇಕು. ಬೆನ್ನ ಹಿಂದೆ ಕೂಗಾಟ ಶುರುವಾಯಿತು. ಸತೀಶ ಎನ್ನುವ ಒಬ್ಬ ಅಪ್ಪ ಎಲ್ಲರಿಗಿಂತ ಜೋರು: "ಏನ್ರಿ ಬಾಯಿ ನೀವು! ಸೂರ್ಯ ನಿಮಗೋಸ್ಕರ ನಿಲ್ತಾನೇನು?" ನಿಖಿಲ್ ಮಾತ್ರ ಬೈಯಲಿಲ್ಲ. "ವಿಜಯಾ ಮೇಡಂ, ಪ್ಲೀಸ್..." ಎಂದಷ್ಟೇ ಹೇಳಿದರು, ಮೊಬೈಲ್ ಹಿಡಿದ ಕೈ ಇಳಿಸದೆ.

ನಾವು ತೋಪು ಮುಟ್ಟಿದ್ದೆವು. ಜೋಳದ ಚೀಲ ಚಕ್ಕಡಿಯಿಂದ ಬಿದ್ದಂಥ ಒಂದು ಸದ್ದಾಯಿತು; ದೊಡ್ಡದೇನಲ್ಲ. ತಿರುಗಿ ನೋಡಿದೆ. ದಂಡೆಯ ತುದಿ ಬಿರುಕು ಬಿಟ್ಟು, ಸೋಫಾ ಹಿಂದಕ್ಕೆ ವಾಲಿತು, ವಯಸ್ಸಾದವರು ಕುರ್ಚಿಯಲ್ಲಿ ಕೂಡುವ ಹಾಗೆ ಮೆಲ್ಲಗೆ. ಮರುಕ್ಷಣ ಅದು ನಿಂತಿದ್ದ ನೆಲವೇ ಇರಲಿಲ್ಲ. ಇಳಿತದಲ್ಲಿ ಹೊಳೆಯ ನೀರು ಕೆಳಗಿನಿಂದ ಮರಳನ್ನು ಕೊರೆದು ಟೊಳ್ಳು ಮಾಡಿಟ್ಟಿತ್ತೆಂದು ಆಮೇಲೆ ಊರವರು ಹೇಳಿದರು. ಸೋಫಾ ಒಮ್ಮೆ ಮುಳುಗಿ ಎದ್ದು, ಬಂಗಾರದ ಕಾಲುಗಳನ್ನು ಮೇಲೆ ಮಾಡಿ, ಒಂದು ಸುತ್ತು ತಿರುಗಿ, ಹರಿವಿನ ಜೊತೆ ಸಮುದ್ರದ ಕಡೆ ಹೊರಟಿತು. ನೋಡುನೋಡುತ್ತಿದ್ದಂತೆ ಸಣ್ಣದಾಯಿತು.

ಮಕ್ಕಳು ಚಪ್ಪಾಳೆ ತಟ್ಟಿದರು. "ಇನ್ನೊಂದ್ ಸಲ!" ಎಂದು ಕುಣಿದರು.

ದಂಡೆಯಿಂದ ತಾಯಂದಿರು ಓಡಿ ಬಂದರು. ಯಾವ ಮಗು ಯಾರದೆಂದು ನೋಡದೆ, ಕೈಗೆ ಸಿಕ್ಕ ಮಗುವನ್ನು ಎದೆಗೆ ಒತ್ತಿಕೊಂಡರು. ಬಿಳಿ ಬಟ್ಟೆಯ ತುಂಬ ಮರಳಾಯಿತು, ಯಾರೂ ಕೊಡವಲಿಲ್ಲ. ಅಂಕಿತಾ ಸಾನ್ವಿಯನ್ನು ಹಿಡಿದುಕೊಂಡು ಒಂದೇ ಸಮ ಅಳುತ್ತಿದ್ದರು. ನಾನು ಇನ್ನೊಂದು ಹುಡುಗನ ಚಡ್ಡಿಯ ಲಾಡಿ ಕಟ್ಟಲು ಹೋದೆ. ಎರಡು ಸಲ ಹಾಕಿದರೂ ಗಂಟು ಬೀಳಲಿಲ್ಲ. ಆ ಹುಡುಗನೇ ಕಟ್ಟಿಕೊಂಡ.

ಆಗ ಸತೀಶ ಬಾಯಿ ತೆರೆದರು. ಬಹುಶಃ ಗಾಬರಿಗೇ ಇರಬೇಕು, ಮನುಷ್ಯ ಕೆಟ್ಟವರಲ್ಲ.

"ನಿಖಿಲ್ ಸರ್... ಅದು ರೆಕಾರ್ಡ್ ಆತೇನ್ರಿ?"

ಕುಸಿದ ಅಂಚಿನಿಂದ ನಿಖಿಲ್ ನಮ್ಮ ಕಡೆ ನಡೆದು ಬಂದರು. ಮಗಳ ಎದುರು ಕುಕ್ಕರಗಾಲಿನಲ್ಲಿ ಕೂತು, ಅವಳ ಮುಖ ನೋಡುತ್ತಾ ಮಾತು ಹುಡುಕಿದರು. ಇಂಗ್ಲಿಷಿನಲ್ಲಿ ಅವರಿಗೆ ಏನೂ ಸಿಗಲಿಲ್ಲ.

"ಸೂಸೂ ಆಯ್ತಾ, ಕಂದಾ?"

"ಆಯ್ತು," ಎಂದಳು ಸಾನ್ವಿ. "ಸೋಫಾ ಯಾಕ್ ಹೋಯ್ತು?"

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ಆ ಜಾಗವನ್ನು ನಮ್ಮ ಕಂಪನಿ ಕೈಬಿಟ್ಟಿತು. ನಿಖಿಲ್ ಗೋಡೆಯ ಮೇಲೆ ಚಿತ್ರ ಬಿಡುತ್ತಾ "ಚೈಲ್ಡ್ ಕಂಫರ್ಟ್ ಬ್ರೇಕ್ ಪ್ರೋಟೋಕಾಲ್" ಎಂಬುದನ್ನು ಎಲ್ಲರಿಗೂ ವಿವರಿಸಿದರು. ಮಲ್ಲಪ್ಪ, "ಅಂದ್ರೇನ್ರಿ ಅಕ್ಕಾರ?" ಎಂದು ಕೇಳಿದ. "ಮಕ್ಕಳು ಕೇಳಿದಾಗ ಕರಕೊಂಡು ಹೋಗೂದು" ಎಂದೆ. ಅದಕ್ಕೂ ಇಂಗ್ಲಿಷ್ ಬೇಕಾಯಿತೇ ಎಂದು ನಕ್ಕ. ಆ ತಂಡದ ಪ್ರತಿಯೊಂದು ಕುಟುಂಬವೂ ನಮಗೆ ಪೂರ್ತಿ ಐದು ನಕ್ಷತ್ರ ಕೊಟ್ಟಿತು. "ಥ್ರಿಲ್ಲಿಂಗ್" ಎಂದು ಬರೆದಿದ್ದರು. ಅದೇ ದಂಡೆಯನ್ನು ಈಗ ಬೇರೆ ಯಾರೋ ಮಾರುತ್ತಿದ್ದಾರೆಂದು ಕೇಳಿದ್ದೇನೆ. ನನಗೆ ಫೋನ್ ಮಾಡುವವರಿಗೆಲ್ಲ ಅದರ ಹೆಸರು ಹೇಳಿ, ಬೇಡ ಎನ್ನುತ್ತೇನೆ. ಕೇಳಿಸಿಕೊಂಡು, ಫೋಟೋ ಎಷ್ಟು ಚೆನ್ನಾಗಿದೆಯಲ್ಲಾ ಮೇಡಂ ಎನ್ನುತ್ತಾರೆ.

ಆದರೆ ಆ ಪ್ರವಾಸದಲ್ಲಿ ನನಗೆ ಹೆಚ್ಚು ನೆನಪಾಗುವುದು ವಾಪಸು ಬಂದ ದಿನ. ಘಾಟು ಹತ್ತಿ ಬಂದು, ಮಲ್ಲಪ್ಪ ಭೋರಿನಲ್ಲಿ ಚಹಾಕ್ಕೆಂದು ಬಸ್ಸು ನಿಲ್ಲಿಸಿದ. ಎಲ್ಲರೂ ಇಳಿದರು. ನಿಖಿಲ್ ಇಳಿಯಲಿಲ್ಲ. ಸಾನ್ವಿ ಅವರ ತೊಡೆಯ ಮೇಲೆ ಮಲಗಿದ್ದಳು. ಅವಳ ಪಾದವನ್ನು ಅವರು ಒಂದು ಕೈಯಲ್ಲಿ ಹಿಡಿದುಕೊಂಡಿದ್ದರು. ಘಾಟಿನುದ್ದಕ್ಕೂ ಹಾಗೆಯೇ ಹಿಡಿದಿದ್ದರು, ಬಿಟ್ಟರೆ ಎಲ್ಲಿ ಜಾರಿ ಹೋಗುವಳೋ ಎಂಬಂತೆ. ಇನ್ನೊಂದು ಕೈಯಲ್ಲಿ ಮೊಬೈಲು.

ನಾನು ಚಹಾ ತಂದುಕೊಡಲು ಹತ್ತಿದೆ. ಮೊಬೈಲಿನಲ್ಲಿ ಅದೇ ವಿಡಿಯೋ. ಸೋಫಾ ತುಂಬ ಮಕ್ಕಳು ಕೂತಿದ್ದಾರೆ, ಹಿಂದೆ ಕೆಂಪು ನೀರು. ನಾನು ಇನ್ನೂ ಅದರೊಳಗೆ ಬಂದಿಲ್ಲ. ಅಷ್ಟಕ್ಕೇ ನಿಲ್ಲಿಸಿ, ಅದನ್ನೇ ನೋಡುತ್ತಾ ಕೂತಿದ್ದರು.

ನನ್ನ ಹಿಂದೆಯೇ ಸತೀಶ ಹತ್ತಿ ಬಂದರು. ಕೈಯಲ್ಲಿ ವಡಾಪಾವ್, ಮುಖದಲ್ಲಿ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದ ಕಳೆ.

"ಸರ್, ಆ ಕ್ಲಿಪ್ ಕಳಸ್ರಲ್ಲಾ. ಸೋಫಾ ಹೋದದ್ದು. ಸ್ಟೇಟಸ್‌ಗೆ ಇಡೋಣ. ಮಂದಿ ನಂಬೂದಿಲ್ಲ ನೋಡ್ರಿ."

ನಿಖಿಲ್ ಮೊಬೈಲನ್ನು ತೊಡೆಯ ಮೇಲೆ ಮುಖ ಕೆಳಗಾಗಿ ಇಟ್ಟರು.

"ಸಾರಿ ಸರ್. ರೆಕಾರ್ಡ್ ಆಗ್ಲಿಲ್ಲ. ಬ್ಯಾಟರಿ ಹೋಗಿತ್ತು."

ಸತೀಶ ನನ್ನ ಮುಖ ನೋಡಿದರು. ನಿಖಿಲ್ ಕೂಡ ನೋಡಿದರು.

"ಹೌದ್ರಿ," ಎಂದೆ. "ಬ್ಯಾಟರಿ ಹೋಗಿತ್ತು. ನಾನ ನೋಡೀನಿ."

ಸತೀಶ ನಿಟ್ಟುಸಿರು ಬಿಟ್ಟು ಇಳಿದು ಹೋದರು. ನಿಖಿಲ್ ಮೊಬೈಲನ್ನು ತಿರುಗಿಸಿಕೊಂಡು ಆ ವಿಡಿಯೋ ಅಳಿಸಿದರು, ಮಗಳ ಪಾದ ಹಿಡಿದ ಕೈಯನ್ನು ಬಿಡದೆ, ಇನ್ನೊಂದು ಕೈಯ ಹೆಬ್ಬೆರಳಿನಿಂದ. ಅವರ ಚಹಾವನ್ನು ನಾನೇ ಹಿಡಿದುಕೊಂಡು ನಿಂತಿದ್ದೆ.